ಗಾಜಿಗಂಟಿದ ಹಸಿರು ಚುಕ್ಕೆ

ಪ್ರಶ್ನೆ: ಮೀನಿನ ತೊಟ್ಟಿಯ ಗಾಜಿಗೆ ಹಸಿರು ಚುಕ್ಕೆಗಳು ಅಂಟಿವೆ. ಸ್ಪಂಜಿನಿಂದ ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಮುನವಳ್ಳಿ

ಉತ್ತರ: ಹೊಳೆಯ ಮೆಟ್ಟಿಲಲ್ಲಿ ಕಾಲು ಜಾರಿಸುವ ಹಾವಸೆಯ ಬಳಗದ್ದೇ ಇದು. ಆದರೆ ಈ ಜಾತಿ ಗಾಜಿಗೆ ಬಿಲ್ಲೆಯಂತೆ ಚಪ್ಪಟೆಯಾಗಿ ಮೆತ್ತಿಕೊಂಡು ಬೆಳೆಯುತ್ತದೆ, ಸ್ಪಂಜಿಗೆ ಬಗ್ಗುವುದಿಲ್ಲ. ಶೇವಿಂಗ್ ಬ್ಲೇಡನ್ನು ಓರೆಯಾಗಿ ಹಿಡಿದು ಮೆಲ್ಲಗೆ ಕೆರೆಯಿರಿ. ಮೂಲೆಯ ಸಿಲಿಕೋನ್ ಅಂಟಿಗೆ ಅದು ತಾಗಬಾರದು, ಕೆಳಗಿನ ಮರಳಿನ ಕಣ ನಡುವೆ ಸಿಕ್ಕಿದರೆ ಗಾಜಿಗೆ ಗೀರು ಬೀಳುತ್ತದೆ. ತೊಟ್ಟಿ ಅಕ್ರಿಲಿಕ್‌ನದಾದರೆ ಬ್ಲೇಡ್ ಬೇಡ, ಹಳೆಯ ಎಟಿಎಂ ಕಾರ್ಡಿನ ಅಂಚು ಸಾಕು. ಸೋಪು ಮಾತ್ರ ಎಂದಿಗೂ ಬಳಸಬೇಡಿ, ಅದು ಮೀನಿನ ಕಿವಿರನ್ನು ಕೆಡಿಸುತ್ತದೆ.

ಕೆರೆದದ್ದು ಮತ್ತೆ ಬರುವುದೇ ನಿಜವಾದ ತೊಂದರೆ. ಹಾವಸೆಗೆ ಬೇಕಾದದ್ದು ಬೆಳಕು ಮತ್ತು ಗೊಬ್ಬರ. ಮೀನಿನ ಹಿಕ್ಕೆ, ತಿನ್ನದೆ ಉಳಿದ ಆಹಾರ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಆಗಿ ಸೇರುತ್ತವೆ. ಹಾಗಾಗಿ ತೊಟ್ಟಿಯನ್ನು ಬಿಸಿಲು ಬೀಳುವ ಕಿಟಕಿಯಿಂದ ದೂರವಿಡಿ, ದೀಪವನ್ನು ದಿನಕ್ಕೆ 6ರಿಂದ 8 ಗಂಟೆಗೆ ಮಿತಿಗೊಳಿಸಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ನಲ್ಲಿ ನೀರಾದರೆ ಮೊದಲು ಅದರ ಕ್ಲೋರಿನ್ ತೆಗೆಯಿರಿ.

ಅಂಗಡಿಯವರು ಗಾಜು ನೆಕ್ಕುವ ಸಕ್ಕರ್ ಮೀನು ಕೊಳ್ಳಲು ಹೇಳಬಹುದು. ನನ್ನ ಮಟ್ಟಿಗೆ ಅದು ಬೇಡ. ದಕ್ಷಿಣ ಅಮೆರಿಕದ ಈ ಮೀನು ಒಂದು ಅಡಿಗಿಂತ ಉದ್ದ ಬೆಳೆಯುತ್ತದೆ. ಸಾಕಲಾಗದೆ ಜನ ಕೆರೆಗೆ ಬಿಟ್ಟಿದ್ದರಿಂದ ನಮ್ಮ ದೇಶದ ಅನೇಕ ಕಡೆ ಸ್ಥಳೀಯ ಮೀನುಗಳಿಗೆ ಕಂಟಕವಾಗಿದೆ. ಈಗಾಗಲೇ ತಂದಿದ್ದರೆ ಅಂಗಡಿಗೇ ಮರಳಿಸಿ. ನಿಮ್ಮೂರ ಪಕ್ಕದ ಮಲಪ್ರಭೆಗಾಗಲಿ ನವಿಲುತೀರ್ಥದ ಜಲಾಶಯಕ್ಕಾಗಲಿ ದಯವಿಟ್ಟು ಬಿಡಬೇಡಿ.