ಬೆರಳ ತುದಿಗೂ ಕನ್ನಡ ಸಿಗಲಿ

ಪೇಟೆಗೆ ಕರೆದೊಯ್ದ ಮಗು ಅಂಗಡಿಯ ಬೋರ್ಡನ್ನೂ ಬಸ್ಸಿನ ಫಲಕವನ್ನೂ ತೋರಿಸಿ, “ಅದೇನಮ್ಮಾ?” ಎಂದು ಕೇಳುವುದನ್ನು ನಾವೆಲ್ಲರೂ ಬಲ್ಲೆವು. ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಅಕ್ಷರಗಳು ಅದರ ಕಣ್ಣಿಗೆ ನೂರಾರು ಸಲ ಬಿದ್ದಿರುತ್ತವೆ. ಕಣ್ಣು ಕಾಣದ ಮಗುವಿಗೆ ಈ ಭಾಗ್ಯ ತಾನಾಗಿ ಒದಗುವುದಿಲ್ಲ. ಅಕ್ಷರವನ್ನು ಯಾರಾದರೂ ಅದರ ಬೆರಳ ಕೆಳಗೆ ತಂದಿಡಬೇಕು. ಆ ಕೆಲಸ ಶಾಲೆಗಿಂತ ಮೊದಲು ಮನೆಯದು ಎಂಬುದು ನಮ್ಮ ಅಭಿಪ್ರಾಯ.

ಬೆರಳು ಓದುವ ಲಿಪಿಯನ್ನು ಕೊಟ್ಟವರು ಫ್ರಾನ್ಸಿನ ಲೂಯಿ ಬ್ರೈಲ್. ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ಅವರು 1829ರಲ್ಲಿ, ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ, ಅದನ್ನು ಪ್ರಕಟಿಸಿದರು. ಮೂರು ಮೂರರಂತೆ ಎರಡು ಸಾಲಿನಲ್ಲಿ ಆರು ಉಬ್ಬು ಚುಕ್ಕೆಗಳು. ಅವುಗಳಿಂದ 63 ಚಿಹ್ನೆಗಳು. ಇಷ್ಟೇ ಅದರ ಬಂಡವಾಳ.

ಹೊರನಾಡಿನಲ್ಲಿರುವ ನಾವು ಮುಖ್ಯವಾಗಿ ತಿಳಿಯಬೇಕಾದ ಸಂಗತಿಯೊಂದಿದೆ. 1951ರಲ್ಲಿ ನಮ್ಮ ದೇಶದ ಭಾಷೆಗಳಿಗೆಲ್ಲ ಭಾರತಿ ಬ್ರೈಲ್ ಎಂಬ ಸಮಾನ ಪದ್ಧತಿ ಒಪ್ಪಿತವಾಯಿತು. ಕನ್ನಡದ ‘ಕ’ಕ್ಕೂ ಮರಾಠಿ, ಹಿಂದಿ, ತೆಲುಗುಗಳ ‘ಕ’ಕ್ಕೂ ಅವೇ ಎರಡು ಚುಕ್ಕೆಗಳು. ಕನ್ನಡದ ‘ಕಮಲ’ವೂ ಹಿಂದಿಯ ‘ಕಮಲ’ವೂ ಬೆರಳಿಗೆ ಒಂದೇ. ಮುಂಬಯಿಯಲ್ಲಿ ಮರಾಠಿ ಕಲಿತ ನಮ್ಮ ಇತರ ಮಕ್ಕಳು ಕನ್ನಡ ಓದಬೇಕಾದರೆ ಹೊಸ ವರ್ಣಮಾಲೆಯನ್ನೇ ತಿದ್ದಬೇಕು. ಬ್ರೈಲಿನಲ್ಲಿ ಮರಾಠಿ ಕಲಿತ ಮಗುವಿಗೆ ಹ್ರಸ್ವ ಎ, ಒ ಮುಂತಾದ ಕೆಲವನ್ನು ಹೇಳಿಕೊಟ್ಟರೆ ಸಾಕು, ಕನ್ನಡದ ಬಾಗಿಲು ತೆರೆದಂತೆಯೇ!

ಕಥೆ ಓದಿ ಹೇಳುವ ಮೊಬೈಲು ಇರುವಾಗ ಬ್ರೈಲ್ ಏಕೆ ಎನ್ನುವವರುಂಟು. ಕೇಳುವುದು ಒಳ್ಳೆಯದೇ, ಕಥೆಯ ರುಚಿ ಹತ್ತುವುದೇ ಹಾಗೆ. ಆದರೆ ಪದವೆಲ್ಲಿ ಮುಗಿಯಿತು, ಒತ್ತಕ್ಷರವೆಲ್ಲಿ ಬಂದಿತು ಎಂಬುದನ್ನು ಕಿವಿಯೊಂದೇ ಕಲಿಸಲಾರದು. ಕಾಗುಣಿತ ತಿಳಿಯದೆ ಬೆಳೆದ ಮಗು ಮುಂದೆ ಬರೆಯುವಾಗ ತೊಡಕಿಗೆ ಸಿಕ್ಕುತ್ತದೆ.

ಹಾಗಾದರೆ ಮನೆಯಲ್ಲಿ ಮಾಡಬಹುದಾದುದೇನು? ತಾಯಿತಂದೆಯರು ಮೊದಲು ತಾವೇ ಬ್ರೈಲ್ ಕಲಿಯಲಿ. ಕಣ್ಣುಳ್ಳವರು ಚುಕ್ಕೆಗಳನ್ನು ನೋಡಿಯೇ ಓದಬಹುದು. ಬ್ರೈಲ್ ಸ್ಲೇಟಿನಲ್ಲಿ ಹಾಳೆಯಿಟ್ಟು ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗಿ, ಹಾಳೆಯನ್ನು ಮಗುಚಿದರೆ, ಉಬ್ಬಿದ ಅಕ್ಷರಗಳು ಎಡದಿಂದ ಬಲಕ್ಕೆ ನಿಲ್ಲುತ್ತವೆ. ಮಗುವಿನ ಹೆಸರನ್ನು ಅದರ ಪೆಟ್ಟಿಗೆಗೂ, ‘ಸಕ್ಕರೆ’, ‘ಅಕ್ಕಿ’ ಎಂಬುದನ್ನು ಅಡಿಗೆಮನೆಯ ಡಬ್ಬಿಗಳಿಗೂ ಅಂಟಿಸಿರಿ. ಅಚ್ಚಾದ ಕಥೆಪುಸ್ತಕದ ಪುಟದ ಮೇಲೆ ಪಾರದರ್ಶಕ ಹಾಳೆಯಲ್ಲಿ ಚುಚ್ಚಿದ ಸಾಲನ್ನು ಅಂಟಿಸಿದರೆ, ಅಜ್ಜಿಯೂ ಮೊಮ್ಮಗಳೂ ಒಂದೇ ಪುಸ್ತಕವನ್ನು ಕೂಡಿ ಓದಬಹುದು. ಚಿತ್ರದ ಬದಲು ಕಥೆಯಲ್ಲಿ ಬರುವ ತೆಂಗಿನ ಚಿಪ್ಪು, ಹಕ್ಕಿಯ ಗರಿ ಮಗುವಿನ ಕೈಗೆ ಬರಲಿ. ಅಲ್ಪಸ್ವಲ್ಪ ದೃಷ್ಟಿಯುಳ್ಳ ಮಕ್ಕಳಿಗೆ ದಪ್ಪಕ್ಷರದ ಪುಸ್ತಕವೂ ನೆರವಾದೀತು.

ಕಾನೂನೂ ಇಂದು ಅನುಕೂಲವಾಗಿಯೇ ಇದೆ. ಅಂಗವಿಕಲರ ಓದಿಗಾಗಿ ಪುಸ್ತಕವನ್ನು ಬ್ರೈಲಿಗೆ ಇಳಿಸಲು 2012ರ ತಿದ್ದುಪಡಿಯಿಂದ ಹಕ್ಕುಸ್ವಾಮ್ಯದ ಅಡ್ಡಿ ತಪ್ಪಿತು. ಇಂಥ ಪುಸ್ತಕಗಳ ಸಲುವಾಗಿ ಆದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ನಮ್ಮದೇ.

ಉಳಿದಿರುವುದು ಕೈಗಳ ಕೆಲಸ. ನಮ್ಮ ಸಂಘಗಳ ಪುಸ್ತಕಭಂಡಾರಗಳಲ್ಲಿ ಕನ್ನಡ ಬ್ರೈಲಿಗೆ ಒಂದು ಕಪಾಟು ಮೀಸಲಾಗಲಿ. ಬಿಡುವುಳ್ಳ ಸೋದರ ಸೋದರಿಯರು ತಿಂಗಳಿಗೊಂದು ಮಕ್ಕಳ ಕಥೆ ಚುಚ್ಚಿಕೊಟ್ಟರೂ ವರ್ಷಕ್ಕೆ ಹನ್ನೆರಡಾಯಿತು. ತಾಯ್ನುಡಿ ಕಿವಿಯಲ್ಲಷ್ಟೇ ಉಳಿದಿರುವ ಒಂದು ಮಗುವಿಗೆ ಅದು ಸಣ್ಣ ಕಾಣಿಕೆಯಲ್ಲ.