ನಿಮಗಿದು ಗೊತ್ತೇ? ಪಟ್ಟಕ್ಕಾಗಿ ಹೋರಾಡಿದ ರಾಣಿಯರು, ಪಟ್ಟ ತಪ್ಪಿದ ಹುಡುಗಿಯರು

ಕಿತ್ತೂರು ಚೆನ್ನಮ್ಮನ ಕಥೆ ಎಲ್ಲರಿಗೂ ಗೊತ್ತು ಬಿಡಿ. ದತ್ತುಮಗನ ಹಕ್ಕಿಗಾಗಿ 1824ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಕತ್ತಿ ಎತ್ತಿದ್ದನ್ನು ಶಾಲೆಯ ಮಕ್ಕಳೂ ಹೇಳುತ್ತಾರೆ. ಆದರೆ ಒಮ್ಮೆ ಕೊಡಗಿಗೂ ಒಬ್ಬ ಪುಟ್ಟ ಹುಡುಗಿ ರಾಣಿಯಾಗಿದ್ದಳು, ಗೊತ್ತೇ?

ಅವಳೇ ದೇವಮ್ಮಾಜಿ. ಅಪ್ಪ ದೊಡ್ಡವೀರ ರಾಜೇಂದ್ರ. ರಾಣಿ ಮಹಾದೇವಮ್ಮಾಜಿಗೆ ಹುಟ್ಟಿದ್ದೆಲ್ಲ ಹೆಣ್ಣುಮಕ್ಕಳೇ. ದೊರೆ ಅಳುಕಲಿಲ್ಲ. ತನ್ನ ನಂತರ ಮಗಳಿಗೇ ಪಟ್ಟ ಎಂದು ಇಂಗ್ಲಿಷರಿಗೆ ಪತ್ರ ಬರೆದು ಒಪ್ಪಿಗೆಯನ್ನೂ ತರಿಸಿಕೊಂಡ. ಇನ್ನೂರು ವರ್ಷಗಳ ಹಿಂದೆ!

1809ರಲ್ಲಿ ದೊರೆ ತೀರಿಕೊಂಡ, ಮಗಳು ರಾಣಿಯಾದಳು. ಹುಡುಗಿ ಚಿಕ್ಕವಳೆಂದು ರಾಜ್ಯ ನೋಡಿಕೊಳ್ಳಲು ಬಂದವನು ಸ್ವಂತ ಚಿಕ್ಕಪ್ಪ ಲಿಂಗರಾಜ. 1811ರ ಹೊತ್ತಿಗೆ ಸಿಂಹಾಸನದ ಮೇಲೆ ಕೂತಿದ್ದವನು ಅವನೇ! ನನ್ನನ್ನು ಕೇಳಿದರೆ, ಕೊಡಗಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ಕಡಿಮೆ.

ಕಕ್ಕಬ್ಬೆಯ ಹತ್ತಿರ ನಾಲ್ಕುನಾಡು ಅರಮನೆ ನೋಡಿದ್ದೀರಾ? ಅಂಗಳದಲ್ಲಿ ಒಂದು ಪುಟ್ಟ ಮಂಟಪವಿದೆ. 1796ರಲ್ಲಿ ದೊಡ್ಡವೀರ ರಾಜೇಂದ್ರ ಮಹಾದೇವಮ್ಮಾಜಿಯ ಕೈಹಿಡಿದದ್ದು ಅಲ್ಲೇ. 1834ರಲ್ಲಿ ಇಂಗ್ಲಿಷರ ಸೈನ್ಯ ಬಂದಾಗ ಲಿಂಗರಾಜನ ಮಗ ಚಿಕವೀರ ರಾಜೇಂದ್ರ ಓಡಿಬಂದು ಅಡಗಿದ್ದೂ ಅದೇ ಅರಮನೆಯಲ್ಲಿ! ಹೋದರೆ ಮಂಟಪದ ಮುಂದೆ ಒಂದು ಗಳಿಗೆ ನಿಲ್ಲಿ.

ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಇದೇ ದೊರೆಯ ಕಥೆ. 1956ರಲ್ಲಿ ಬಂದ ಕಾದಂಬರಿ, 1983ರ ಜ್ಞಾನಪೀಠ ತಂದುಕೊಟ್ಟಿತು. ಪುಸ್ತಕಕ್ಕೆ ದೊರೆಯ ಹೆಸರು. ಆದರೆ ಓದಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ಕೂರುವವಳು ರಾಣಿ ಗೌರಮ್ಮ!

ಇನ್ನೊಂದು ಸೋಜಿಗ ಕೇಳಿ. ಪಟ್ಟ ಕಳೆದುಕೊಂಡ ಚಿಕವೀರ ರಾಜೇಂದ್ರ ಕಾಶಿ ಸೇರಿದ. 1852ರಲ್ಲಿ ಮಗಳನ್ನು ಕರೆದುಕೊಂಡು ಲಂಡನ್ನಿಗೆ ಹೊರಟ. ದೊಡ್ಡಪ್ಪ ಕಂಪನಿಯ ಬಳಿ ಇಟ್ಟಿದ್ದ ಹಣ ತನಗೆ ಬರಬೇಕೆಂದು ಅಲ್ಲಿ ದಾವೆ ಹೂಡಿದ! ದೊಡ್ಡಪ್ಪನ ಮಗಳ ಪಟ್ಟ ಕಿತ್ತುಕೊಂಡ ಮನೆಯವನೇ ದೊಡ್ಡಪ್ಪನ ಹಣಕ್ಕೂ ಕೈಚಾಚಿದ, ನೋಡಿ.

ಆ ಮಗಳ ಹೆಸರೂ ಗೌರಮ್ಮ. ಹುಟ್ಟಿದ್ದು ಕಾಶಿಯಲ್ಲಿ. ಲಂಡನ್ನಿನಲ್ಲಿ ಅವಳಿಗೆ ಕ್ರೈಸ್ತ ದೀಕ್ಷೆಯಾದಾಗ ಧರ್ಮಮಾತೆಯಾಗಿ ನಿಂತವರು ಯಾರು ಗೊತ್ತೇ? ಸಾಕ್ಷಾತ್ ವಿಕ್ಟೋರಿಯಾ ಮಹಾರಾಣಿ! ತನ್ನ ಹೆಸರನ್ನೇ ಕೊಟ್ಟಳು: ವಿಕ್ಟೋರಿಯಾ ಗೌರಮ್ಮ. ಪಂಜಾಬಿನ ಪಟ್ಟ ಕಳೆದುಕೊಂಡಿದ್ದ ದುಲೀಪ್ ಸಿಂಗನಿಗೆ ಇವಳನ್ನು ಕೊಟ್ಟು ಮದುವೆ ಮಾಡುವ ಯೋಚನೆಯೂ ನಡೆದಿತ್ತು. ಅವನು ಒಪ್ಪಲಿಲ್ಲ. ಕೊನೆಗೆ ಅವಳು ಮದುವೆಯಾದದ್ದು ಒಬ್ಬ ಬ್ರಿಟಿಷ್ ಸೇನಾಧಿಕಾರಿಯನ್ನು. 1864ರಲ್ಲಿ ತೀರಿಕೊಂಡಾಗ ಅವಳಿಗಿನ್ನೂ 23 ತುಂಬಿರಲಿಲ್ಲವೋ, ಆಗಷ್ಟೇ ತುಂಬಿತ್ತೋ ಎನ್ನುವಷ್ಟು ಎಳೆಯ ವಯಸ್ಸು. ಅಯ್ಯೋ ಅನ್ನಿಸುವುದಿಲ್ಲವೇ?

ಈಗ ಮೈಸೂರಿಗೆ ಬನ್ನಿ. ಇಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು 1766ರಲ್ಲಿ. ಅಧಿಕಾರ ಹೈದರ್ ಅಲಿಯ ಕೈಯಲ್ಲಿ. ಮಹಾರಾಣಿ ಲಕ್ಷ್ಮಮ್ಮಣ್ಣಿ ಸುಮ್ಮನಿರಲಿಲ್ಲ. ತಮ್ಮ ಪ್ರತಿನಿಧಿ ತಿರುಮಲರಾಯನ ಮೂಲಕ ಇಂಗ್ಲಿಷರೊಡನೆ ಗುಟ್ಟಾಗಿ ಮಾತುಕತೆ ನಡೆಸಿದರು. 1782ರಲ್ಲಿ ಒಪ್ಪಂದವೂ ಆಯಿತು! ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾದದ್ದು 1799ರಲ್ಲಿ. ಲೆಕ್ಕ ಹಾಕಿ, 33 ವರ್ಷ! ಇದೊಂದರ ಮೇಲೇ ದಪ್ಪನೆಯ ಕಾದಂಬರಿ ಬರೆಯಬಹುದು.

ಕೆಳದಿಯ ಕೊನೆಯ ರಾಣಿ ವೀರಮ್ಮಾಜಿಯ ಕಥೆಯಂತೂ ಪತ್ತೇದಾರಿಯನ್ನೂ ಮೀರಿಸುತ್ತದೆ. ಸತ್ತನೆಂದು ಎಲ್ಲರೂ ನಂಬಿದ್ದ ಹಿಂದಿನ ದೊರೆ ಚೆನ್ನಬಸವ ನಾಯಕ ನಾನೇ ಎಂದು ಒಬ್ಬ ಎದ್ದುಬಂದ! ಅವನನ್ನು ಮುಂದಿಟ್ಟುಕೊಂಡು ಹೈದರ್ 1763ರಲ್ಲಿ ರಾಜಧಾನಿ ಬಿದನೂರಿಗೆ ನುಗ್ಗಿದ. ರಾಣಿ ಮಧುಗಿರಿ ಕೋಟೆಯಲ್ಲಿ ಸೆರೆ. 1767ರಲ್ಲಿ ಬಿಡಿಸಿದವರು ಮರಾಠರು!

ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದದ್ದೇ ಮೆಣಸಿನ ರಾಣಿ ಎಂದು! ಗಜಾನನ ಶರ್ಮರ ಕಾದಂಬರಿ ಅವಳನ್ನು ಮತ್ತೆ ಕನ್ನಡಿಗರ ಮನೆಗೆ ತಂದಿದೆ. ಸಿಕ್ಕರೆ ಓದಿ.

ತುಳುನಾಡಿನಲ್ಲಿ ಮಾತ್ರ ಲೆಕ್ಕವೇ ಬೇರೆ. ಅಲ್ಲಿ ಅಳಿಯಸಂತಾನ. ಹಕ್ಕು ಹರಿಯುವುದೇ ಹೆಣ್ಣಿನ ಕಡೆಯಿಂದ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆ ಉಳ್ಳಾಲದ ರಾಣಿಯನ್ನು ನೋಡಲು ಬಂದ. ಅವಳು ಸಿಕ್ಕಿದ್ದು ದರ್ಬಾರಿನಲ್ಲಲ್ಲ, ದಾರಿಯಲ್ಲಿ. ಬರಿಗಾಲಲ್ಲಿ ನಡೆದುಕೊಂಡು, ತೋಡಿಸುತ್ತಿದ್ದ ಕಾಲುವೆಯ ಕೆಲಸ ನೋಡಲು ಬಂದಿದ್ದಳು ರಾಣಿ!