ಬಾಣಸಿಗರ ಬಯೋಡೇಟಾ: ಕೈಗುಣ ಕಾಗದಕ್ಕಿಳಿಯುವ ಬಗೆ

ಶಿವಾಜಿನಗರದ ರಸೆಲ್ ಮಾರುಕಟ್ಟೆಯಿಂದ ಹಲಸೂರು ಕೆರೆಯ ಸಮೀಪದ ತಾರಾ ಹೋಟೆಲುಗಳಿಗೆ ಆಟೋರಿಕ್ಷಾದಲ್ಲಿ ಕಾಲು ಗಂಟೆಯ ದಾರಿ. ಆದರೆ ಮಾರುಕಟ್ಟೆಯ ಬದಿಯ ಹೋಟೆಲೊಂದರಲ್ಲಿ 15 ವರ್ಷ ಒಲೆಯ ಮುಂದೆ ನಿಂತ ಅಡುಗೆಯವರು ಆ ತಾರಾ ಹೋಟೆಲಿನ ಅಡುಗೆಮನೆಗೆ ಸೇರಬಯಸಿದರೆ, ಆ ದಾರಿಯನ್ನು ಮೊದಲು ಕ್ರಮಿಸಬೇಕಾದುದು ಅವರಲ್ಲ, ಅವರ ಬಯೋಡೇಟಾ. ಬಹುಪಾಲು ಸಂದರ್ಭಗಳಲ್ಲಿ ಅದು ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ.

ಉದಾಹರಣೆಗೆ ಒಬ್ಬ ಬಿರಿಯಾನಿ ಮಾಸ್ಟರನ್ನು ಕಲ್ಪಿಸಿಕೊಳ್ಳಬಹುದು. ದಿನಕ್ಕೆ ಮೂರು ದೇಗ್ ಇಳಿಸುತ್ತಾರೆ. ಶುಕ್ರವಾರ ಐದು, ರಂಜಾನ್ ತಿಂಗಳಲ್ಲಿ ಲೆಕ್ಕವೇ ಬೇರೆ. ಮಾಂಸದ ಅಂಗಡಿಯವನ ತೂಕದಲ್ಲಿ 200 ಗ್ರಾಂ ಕಡಿಮೆಯಾದರೂ ಕೈಯಲ್ಲಿ ಎತ್ತಿದೊಡನೆ ಹೇಳಬಲ್ಲರು. ಕೈಕೆಳಗೆ ಆರು ಜನರಿದ್ದಾರೆ. ಇವರ ಬಯೋಡೇಟಾದಲ್ಲಿ ಇರುವುದು ಇಷ್ಟು: ತಂದೆಯ ಹೆಸರು, ಧರ್ಮ, ವಿವಾಹಿತ, ಹವ್ಯಾಸ ಕ್ರಿಕೆಟ್, 'ಕುಕ್ ಆಗಿ 15 ವರ್ಷ ಅನುಭವ, ಎಲ್ಲ ಬಗೆಯ ಅಡುಗೆ ಬರುತ್ತದೆ'. ಇದರಲ್ಲಿ ಸುಳ್ಳೊಂದೂ ಇಲ್ಲ. ಆದರೆ ಹುಡುಕುವವರು ಹುಡುಕುವ ಪದವೂ ಒಂದಿಲ್ಲ.

ಹುಡುಕಾಟ ನಡೆಯುವ ಕ್ರಮ

ದೊಡ್ಡ ಹೋಟೆಲು ಸಮೂಹಗಳು ಹಾಗೂ ಕೆ.ಆರ್. ಪುರ, ವೈಟ್‌ಫೀಲ್ಡ್ ಭಾಗದ ತಂತ್ರಜ್ಞಾನ ಪಾರ್ಕುಗಳಿಗೆ ಊಟ ಪೂರೈಸುವ ಕೇಟರಿಂಗ್ ಕಂಪನಿಗಳು ಅರ್ಜಿಗಳನ್ನು ಗಣಕಯಂತ್ರದ ಮೂಲಕವೇ ಸ್ವೀಕರಿಸುತ್ತವೆ. 1997ರಲ್ಲಿ ಆರಂಭವಾದ ನೌಕ್ರಿ ಡಾಟ್ ಕಾಮ್‌ನಂತಹ ಸಂಸ್ಥೆಗಳು ಲಕ್ಷಾಂತರ ಬಯೋಡೇಟಾಗಳನ್ನು ಸಂಗ್ರಹಿಸಿಟ್ಟಿರುತ್ತವೆ. ನೇಮಕಾತಿ ಅಧಿಕಾರಿ ಹುದ್ದೆಯ ಹೆಸರು, ವಿಭಾಗ, ಊರು, ಅನುಭವದ ವರ್ಷಗಳನ್ನು ಟೈಪು ಮಾಡುತ್ತಾರೆ. ಆ ಪದಗಳಿರುವ ಹಾಳೆಗಳು ಮೇಲೆ ಬರುತ್ತವೆ, ಇಲ್ಲದವು ಕೆಳಗೆ ಉಳಿಯುತ್ತವೆ. ಯಂತ್ರವೇ ಅರ್ಜಿಗಳನ್ನು ತಿರಸ್ಕರಿಸುತ್ತದೆ ಎಂಬ ಮಾತು ಅತಿಶಯೋಕ್ತಿ. ಅದು ತಿರಸ್ಕರಿಸಬೇಕಾಗಿಯೇ ಇಲ್ಲ. ಇನ್ನೂರು ಅರ್ಜಿಗಳ ಪಟ್ಟಿಯಲ್ಲಿ 140ನೆಯದನ್ನು ತೆರೆದು ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ. ಇಂದಿರಾನಗರದ 100 ಅಡಿ ರಸ್ತೆಯ ರೆಸ್ಟೋರೆಂಟುಗಳಲ್ಲಿ ಯಂತ್ರದ ಬದಲು ಮ್ಯಾನೇಜರೇ ಓದಬಹುದು. ಆದರೆ ಅವರ ಕಣ್ಣೂ ಅರ್ಧ ನಿಮಿಷದಲ್ಲಿ ಅವೇ ಪದಗಳನ್ನು ಅರಸುತ್ತದೆ.

ಇಲ್ಲಿ ಕನ್ನಡ ನಾಡಿಗೇ ವಿಶಿಷ್ಟವಾದ ತೊಡಕೊಂದಿದೆ. 2014ರ ನವೆಂಬರ್ 1ರಿಂದ ನಗರದ ಅಧಿಕೃತ ಹೆಸರು ಇಂಗ್ಲಿಷಿನಲ್ಲೂ ಬೆಂಗಳೂರು. ಆದರೆ ಹಳೆಯ 'ಬ್ಯಾಂಗಲೋರ್' ಎಂದು ಟೈಪು ಮಾಡುವವರು ಈಗಲೂ ಇದ್ದಾರೆ. ಹಲಸೂರು 'ಅಲ್ಸೂರ್' ಆಗಿಯೂ ಬದುಕಿದೆ. ಬಿರಿಯಾನಿಯ ಇಂಗ್ಲಿಷ್ ಅಕ್ಷರಗಳಲ್ಲಿ ಕೆಲವರು ಒಂದು 'ಐ' ಹೆಚ್ಚು ಸೇರಿಸುತ್ತಾರೆ, ಕೆಲವರು ಬಿಡುತ್ತಾರೆ. ಪರೋಟ, ಪರಾಠ, ಪೊರೊಟ್ಟ ಎಂಬಲ್ಲಂತೂ ಅಕ್ಷರಗಳಷ್ಟೇ ಅಲ್ಲ, ತಿನಿಸುಗಳೂ ಬೇರೆ ಬೇರೆ. ಜಾಹೀರಾತಿನಲ್ಲಿ ಯಾವ ಕಾಗುಣಿತವಿದೆಯೋ ಅದನ್ನೇ ಬಯೋಡೇಟಾದಲ್ಲೂ ಬಳಸುವುದು ಕ್ಷೇಮ. ಊರಿನ ಹೆಸರನ್ನು ವಿಳಾಸದಲ್ಲೊಂದು ರೂಪ, ಅನುಭವದಲ್ಲೊಂದು ರೂಪ ಬರೆದರೂ ನಷ್ಟವಿಲ್ಲ. ಅಲಂಕಾರದ ಚೌಕಟ್ಟು, ಎರಡು ಕಾಲಂ, ಮೊಬೈಲಿನಲ್ಲಿ ತೆಗೆದ ಹಾಳೆಯ ಫೋಟೋ ಇವು ಯಂತ್ರಕ್ಕೆ ಸರಿಯಾಗಿ ಓದಲಾಗದೆ ಹೋಗಬಹುದು. ನೇರ ಸಾಲುಗಳ ಒಂದು ಪುಟವೇ ಲೇಸು.

ದಂಡಿನ ಕಾಲದ ಚೀಟಿ

ಅಡುಗೆಯವರ ಯೋಗ್ಯತೆಯನ್ನು ಕಾಗದ ನಿರ್ಧರಿಸುವುದು ಈ ಪ್ರದೇಶಕ್ಕೆ ಹೊಸತಲ್ಲ. 1809ರಲ್ಲಿ ಬೆಂಗಳೂರು ದಂಡು ಸ್ಥಾಪನೆಯಾದ ತರುವಾಯ ಬ್ರಿಟಿಷ್ ಅಧಿಕಾರಿಗಳ ಬಂಗಲೆ, ಮೆಸ್ಸುಗಳಲ್ಲಿ ಬಟ್ಲರುಗಳೂ ಅಡುಗೆಯವರೂ ದುಡಿದರು. ಆ ಕಾಲದಲ್ಲಿ ಇಂಡಿಯಾದ ದಂಡುಗಳಲ್ಲೆಲ್ಲ ನಡೆದುಬಂದ ಪದ್ಧತಿಯೆಂದರೆ, ವರ್ಗವಾಗಿ ಹೋಗುವ ದೊರೆ ತನ್ನ ಅಡುಗೆಯವನಿಗೆ ಒಂದು 'ಚೀಟಿ' ಬರೆದುಕೊಡುವುದು. ಮುಂದಿನ ದೊರೆ ಅದನ್ನು ನೋಡಿ ಕೆಲಸಕ್ಕಿಟ್ಟುಕೊಳ್ಳುತ್ತಿದ್ದ. ಇಂಗ್ಲಿಷ್ ಓದಲು ಬಾರದವನು ತನ್ನ ಚೀಟಿಯಲ್ಲಿ ಏನಿದೆಯೆಂದು ತಾನೇ ತಿಳಿಯದೆ ಅದನ್ನು ಜೋಪಾನ ಮಾಡುತ್ತಿದ್ದನು. ಇಂದು ಸೈಬರ್ ಸೆಂಟರಿನಲ್ಲಿ ಯಾರೋ ಟೈಪು ಮಾಡಿಕೊಟ್ಟ ಹಾಳೆಯನ್ನು ಹಿಡಿದು ಬರುವವರ ಸ್ಥಿತಿ ಅದಕ್ಕಿಂತ ಬಹಳ ಭಿನ್ನವೇನಲ್ಲ. ಇಂದಿನ ಬೆಂಗಳೂರು ಕ್ಲಬ್ಬಿನ ಹಳೆಯ ಲೆಕ್ಕದ ಪುಸ್ತಕದಲ್ಲಿ ವಿನ್‌ಸ್ಟನ್ ಚರ್ಚಿಲ್‌ರ 13 ರೂಪಾಯಿ ವಸೂಲಾಗದ ಬಾಕಿಯೆಂದು 1899ರಲ್ಲಿ ನಮೂದಾದುದು ಲೋಕಪ್ರಸಿದ್ಧ. ಸಾಲಗಾರನ ಹೆಸರು ಉಳಿಯಿತು. ಆ ಕಾಲದ ಅಡುಗೆಯವರ ಹೆಸರು ಜನರ ನೆನಪಿನಲ್ಲಿ ಉಳಿಯಲಿಲ್ಲ.

ಮಾಸ್ಟರ್ ಎಂದರೆ ಯಾರು?

ತಾರಾ ಹೋಟೆಲುಗಳ ಅಡುಗೆಮನೆಯ ಹುದ್ದೆಗಳೂ ಒಂದು ಬಗೆಯಲ್ಲಿ ದಂಡಿನವೇ. ಫ್ರೆಂಚ್ ಸೇನೆಯಲ್ಲಿ ಅಡುಗೆ ಮಾಡಿ ಅನುಭವವಿದ್ದ ಆಗಸ್ಟ್ ಎಸ್ಕಾಫಿಯೆ (1846–1935) ಅಡುಗೆಮನೆಯನ್ನು ದಳದಂತೆ ವಿಭಾಗಗಳಾಗಿ ವಿಂಗಡಿಸಿದರು. ಇಂದು ಬಳಕೆಯಲ್ಲಿರುವ ಏಣಿ ಅಲ್ಲಿಂದ ಬಂದುದು: ಕೆಳಗಿನಿಂದ ಕಾಮಿ 3, ಕಾಮಿ 2, ಕಾಮಿ 1, ನಂತರ ಡೆಮಿ ಶೆಫ್ ಡಿ ಪಾರ್ಟಿ, ಶೆಫ್ ಡಿ ಪಾರ್ಟಿ, ಸೂ ಶೆಫ್, ಎಕ್ಸಿಕ್ಯೂಟಿವ್ ಶೆಫ್.

ಶಿವಾಜಿನಗರ, ಹಲಸೂರಿನ ಹೋಟೆಲುಗಳಲ್ಲಿ ಇರುವ ಏಣಿ ಬೇರೆ. ಕ್ಲೀನರ್, ಹೆಲ್ಪರ್, ಅಸಿಸ್ಟೆಂಟ್, ಮಾಸ್ಟರ್. ದೋಸೆ ಮಾಸ್ಟರ್, ಪರೋಟ ಮಾಸ್ಟರ್, ಟೀ ಮಾಸ್ಟರ್, ತಂದೂರ್ ಮಾಸ್ಟರ್. ಸಸ್ಯಾಹಾರಿ ಹೋಟೆಲುಗಳಲ್ಲಿ ಭಟ್ಟರು. 'ಮಾಸ್ಟರ್' ಎಂಬ ಪದ ನೇಮಕಾತಿ ಅಧಿಕಾರಿಯ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಾಗೆಂದು ಮಾಸ್ಟರುಗಳೆಲ್ಲ ಶೆಫ್ ಡಿ ಪಾರ್ಟಿ ಎಂದು ಬರೆದುಕೊಳ್ಳುವುದೂ ತಪ್ಪಾಗುತ್ತದೆ. ಆ ಹುದ್ದೆಯ ಹುರುಳಿರುವುದು ವಿಭಾಗದ ಹೊಣೆಯಲ್ಲಿ. ಸಾಮಾನು ತರಿಸುವ ಇಂಡೆಂಟ್ ಬರೆಯುವುದು, ಕೈಕೆಳಗಿನವರಿಗೆ ಕೆಲಸ ಹಂಚುವುದು, ಉಳಿದುದರ ಲೆಕ್ಕ ಕೊಡುವುದು ಅದರಲ್ಲಿ ಸೇರಿವೆ. ಮೇಲೆ ಹೇಳಿದ ಬಿರಿಯಾನಿ ಮಾಸ್ಟರ್ ಇವೆಲ್ಲವನ್ನೂ ಮಾಡುತ್ತಿದ್ದಾರೆ. ಆದ್ದರಿಂದ 'ಬಿರಿಯಾನಿ ಮಾಸ್ಟರ್ (ಶೆಫ್ ಡಿ ಪಾರ್ಟಿಗೆ ಸಮಾನವಾದ ಹೊಣೆ), ಇಂಡಿಯನ್ ಕಿಚನ್, ದಮ್ ಬಿರಿಯಾನಿ ಮತ್ತು ಕರಿ ವಿಭಾಗ, ಆರು ಜನರ ತಂಡ' ಎಂದು ಬರೆದರೆ ಅದು ಉತ್ಪ್ರೇಕ್ಷೆಯಾಗದು. ಮೂಲ ಹೆಸರೂ ಉಳಿಯಿತು, ಹುಡುಕುವವರ ಪದವೂ ದೊರಕಿತು.

'ಎಲ್ಲ ಬಗೆಯ ಅಡುಗೆ' ಎಂಬ ಮಾತನ್ನು ಕೈಬಿಡುವುದು ಅವಶ್ಯ. ಸೌತ್ ಇಂಡಿಯನ್, ತಂದೂರ್, ಹಲ್ವಾಯಿ, ಕಾಂಟಿನೆಂಟಲ್, ಚೈನೀಸ್, ಬೇಕರಿ, ತಣ್ಣನೆಯ ತಿನಿಸುಗಳ ಗಾರ್ಡ್ ಮಾಂಜೆ ಹೀಗೆ ಹುದ್ದೆ ಖಾಲಿಯಾಗುವುದು ವಿಭಾಗದ ಹೆಸರಿನಲ್ಲೇ. ಇಂದಿರಾನಗರದಲ್ಲಿ 2010ರಲ್ಲಿ ಟಾಯ್ಟ್ ಆರಂಭವಾದ ಬಳಿಕ ನಗರದಲ್ಲಿ ಹೆಚ್ಚಿದ ಮೈಕ್ರೋಬ್ರೂವರಿಗಳಿಗೆ ಬೇಕಾದುದು ಗ್ರಿಲ್, ಪಿಜ್ಜಾ, ಬಾರ್ ತಿನಿಸು ಬಲ್ಲವರು. ತಂತ್ರಜ್ಞಾನ ಪಾರ್ಕಿನ ಊಟದ ಗುತ್ತಿಗೆದಾರರಿಗೆ ಬೇಕಾದುದು 'ಬಲ್ಕ್ ಕುಕಿಂಗ್'. ಒಂದೇ ಬಯೋಡೇಟಾವನ್ನು ಎರಡೂ ಕಡೆ ಕಳುಹಿಸುವುದರಲ್ಲಿ ಅರ್ಥವಿಲ್ಲ.

ಮಾಲೀಕರ ಕಿವಿ ನಿಮಿರಿಸುವ ಪದ

ಬಯೋಡೇಟಾದಲ್ಲಿ ಹೂಡಿಕೆದಾರರ ಗಮನ ಸೆಳೆಯುವ ಪದ ಒಂದಿದ್ದರೆ ಅದು 'ಫುಡ್ ಕಾಸ್ಟ್'. ಆದರೆ ಅದನ್ನು ಬರೆದವರಿಗೆ ಅದರ ಲೆಕ್ಕ ತಿಳಿದಿರಬೇಕು. ತಿಂಗಳ ಆರಂಭದ ದಾಸ್ತಾನು 2 ಲಕ್ಷ, ಖರೀದಿ 6 ಲಕ್ಷ, ಕೊನೆಯ ದಾಸ್ತಾನು ಒಂದೂವರೆ ಲಕ್ಷ ರೂಪಾಯಿಯಾದರೆ ಬಳಕೆ ಆರೂವರೆ ಲಕ್ಷ. ಅದರಲ್ಲಿ ಸಿಬ್ಬಂದಿಯ ಊಟ 30,000 ಕಳೆದರೆ 6,20,000. ಮಾರಾಟ 20 ಲಕ್ಷವಾಗಿದ್ದರೆ ಫುಡ್ ಕಾಸ್ಟ್ ಶೇ. 31. ಸಿಬ್ಬಂದಿ ಊಟವನ್ನು ಕಳೆಯದಿದ್ದರೆ ಶೇ. 32.5. ಸಂದರ್ಶನದಲ್ಲಿ ಈ ಒಂದೂವರೆ ಎಲ್ಲಿಂದ ಬಂತೆಂದು ಹೇಳಬಲ್ಲ ಅಡುಗೆಯವರನ್ನು ಯಾವ ಮಾಲೀಕರೂ ಬಿಟ್ಟುಕೊಡಲಾರರು.

ಇನ್ನೊಂದು 'ಯೀಲ್ಡ್'. 10 ಕಿಲೋ ಈರುಳ್ಳಿಯನ್ನು ಕಿಲೋಗೆ 40 ರೂಪಾಯಿಯಂತೆ ಕೊಂಡು, ಸಿಪ್ಪೆ ತೆಗೆದ ಮೇಲೆ 8.8 ಕಿಲೋ ಉಳಿದರೆ ನಿಜವಾದ ದರ 45 ರೂಪಾಯಿ 45 ಪೈಸೆ. ಇದನ್ನು ಪ್ರತಿದಿನ ಮನಸ್ಸಿನಲ್ಲೇ ಮಾಡುವ ಅನೇಕರಿಗೆ ಅದಕ್ಕೊಂದು ಹೆಸರಿದೆಯೆಂಬುದೇ ತಿಳಿದಿಲ್ಲ. ಹಳೆಯ ಸಾಮಾನು ಮೊದಲು ಬಳಸುವುದಕ್ಕೆ 'ಫಿಫೋ' ಎನ್ನುತ್ತಾರೆ, ಬಳಕೆಗೆ ಮುನ್ನ ಎಲ್ಲವನ್ನೂ ಹೆಚ್ಚಿ ಅಳೆದು ಜೋಡಿಸಿಡುವುದಕ್ಕೆ 'ಮಿಸ್ ಆನ್ ಪ್ಲಾಸ್' ಎನ್ನುತ್ತಾರೆ. ಕೆಲಸ ಇದೆ, ಹೆಸರು ಇಲ್ಲ ಎಂಬುದೇ ಇಲ್ಲಿನ ಕೊರತೆ.

ಇದಕ್ಕೆ ತೆರಿಗೆಯ ಕಾರಣವೂ ಇದೆ. 2017ರ ನವೆಂಬರ್ 15ರಿಂದ ಸಾಮಾನ್ಯ ರೆಸ್ಟೋರೆಂಟುಗಳಿಗೆ ಜಿಎಸ್‌ಟಿ ಶೇ. 5, ಆದರೆ ಹೂಡುವಳಿ ತೆರಿಗೆಯ ಜಮೆ ಇಲ್ಲ. ವಾಣಿಜ್ಯ ಅನಿಲ ಸಿಲಿಂಡರಿನ ಮೇಲೆ ಕೊಟ್ಟ ಶೇ. 18 ತೆರಿಗೆ ಮರಳಿ ಬರುವುದಿಲ್ಲ, ಅದು ನೇರವಾಗಿ ವೆಚ್ಚವೇ. ಒಲೆ ಅನವಶ್ಯಕವಾಗಿ ಉರಿದರೆ ತೆರಿಗೆಯೂ ಅದರೊಡನೆ ಉರಿಯಿತೆಂದೇ ಲೆಕ್ಕ.

ತುಂಬಿಸಿದ ಪದಗಳ ಅಪಾಯ

ಪದಗಳಿಂದ ಕೆಲಸ ಸಿಗುತ್ತದೆಂದು ತಿಳಿದ ಮೇಲೆ ತಿಳಿಯದ ಪದಗಳನ್ನೂ ತುಂಬಿಸುವವರು ಹೆಚ್ಚಿದ್ದಾರೆ. ಹೆಚ್ಚಾಗಿ ದುರ್ಬಳಕೆಯಾಗುವುದು 'ಹ್ಯಾಸಪ್'. 1960ರ ದಶಕದಲ್ಲಿ ಅಮೆರಿಕದ ಪಿಲ್ಸ್‌ಬರಿ ಕಂಪನಿ ಗಗನಯಾತ್ರಿಗಳ ಆಹಾರಕ್ಕಾಗಿ ನಾಸಾ ಜೊತೆ ರೂಪಿಸಿದ ಸುರಕ್ಷತಾ ಕ್ರಮವಿದು. ಅಪಾಯ ಎಲ್ಲಿ ಹುಟ್ಟಬಹುದೆಂದು ಮೊದಲೇ ಗುರುತಿಸಿ ಅಲ್ಲಿ ಅಳತೆಯಿಟ್ಟು ಕಾಯುವುದು ಇದರ ತಿರುಳು. ಹಾಗೆ ಬರೆದುಕೊಂಡವರನ್ನು, ತಣ್ಣನೆಯ ಆಹಾರವನ್ನು ಎಷ್ಟು ಡಿಗ್ರಿಯಲ್ಲಿ ಇಡಬೇಕೆಂದು ಕೇಳಿದರೆ ಮೌನ. 5 ಡಿಗ್ರಿಗಿಂತ ಮೇಲೇರಬಾರದು, ಬಿಸಿಯದು 60ಕ್ಕಿಂತ ಕೆಳಗಿಳಿಯಬಾರದು ಎಂದಷ್ಟೇ ಹೇಳಿದ್ದರೂ ಸಾಕಿತ್ತು. ಹತ್ತು ಮಂದಿ ಹೀಗೆ ಬಂದುಹೋದ ಮೇಲೆ ಹನ್ನೊಂದನೆಯ ಪ್ರಾಮಾಣಿಕ ಅಭ್ಯರ್ಥಿಯ ಹಾಳೆಯನ್ನೂ ಅನುಮಾನದಿಂದಲೇ ನೋಡಲಾಗುತ್ತದೆ.

ಪದಕ್ಕಿಂತ ಗಟ್ಟಿಯಾದ ಆಧಾರಗಳೂ ಇವೆ. 2017ರಲ್ಲಿ ಆರಂಭವಾದ ಎಫ್‌ಎಸ್‌ಎಸ್‌ಎಐನ 'ಫಾಸ್ಟ್ಯಾಕ್' ತರಬೇತಿಯ ಉದ್ದೇಶ 25 ಆಹಾರ ಕೆಲಸಗಾರರಿಗೊಬ್ಬ ತರಬೇತಾದ ಮೇಲ್ವಿಚಾರಕರಿರಬೇಕೆಂಬುದು. ಅದು ಅಲ್ಪಾವಧಿಯ ತರಬೇತಿ, ಶೇಷಾದ್ರಿ ರಸ್ತೆಯ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯ ಪದವಿ ಪಡೆಯಲಾಗದವರಿಗೂ ಎಟುಕುವಂಥದು. ಶಾಲೆ ಬಿಟ್ಟವರ ಅನುಭವವನ್ನೇ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ 'ಪೂರ್ವ ಕಲಿಕೆಯ ಮಾನ್ಯತೆ' ಎಂಬ ವ್ಯವಸ್ಥೆಯೂ ಸರ್ಕಾರದ ಕೌಶಲ್ಯ ಯೋಜನೆಯಲ್ಲಿ ನಡೆದುಬಂದಿದೆ.

ಹಳೆಯ ಮಾಲೀಕರ ಪಾಲು

ಇಷ್ಟೆಲ್ಲ ಸರಿಪಡಿಸಿಕೊಂಡರೂ ಬಿರಿಯಾನಿ ಮಾಸ್ಟರ್ ಎಡವುವುದು ಪರಿಶೀಲನೆಯ ಹಂತದಲ್ಲಿ. ಹೊಸ ಮಾಲೀಕರು ಭವಿಷ್ಯನಿಧಿಯ ಯುಎಎನ್ ಸಂಖ್ಯೆ ಕೇಳುತ್ತಾರೆ. ಅದರಲ್ಲಿ ಕೆಲಸಕ್ಕೆ ಸೇರಿದ, ಬಿಟ್ಟ ದಿನಾಂಕಗಳಿರುತ್ತವೆ, ಬಯೋಡೇಟಾದ ವರ್ಷಗಳೊಡನೆ ತಾಳೆ ನೋಡಬಹುದು. ವಾರದ ಬಟವಾಡೆಯನ್ನು ನಗದಿನಲ್ಲಿ ಪಡೆದವರ 15 ವರ್ಷ ಆ ದಾಖಲೆಯಲ್ಲಿ ಒಂದು ಸಾಲೂ ಆಗಿರುವುದಿಲ್ಲ. ಅನುಭವ ಪತ್ರ ಕೇಳಿದರೆ, ಪತ್ರ ಕೊಟ್ಟರೆ ನಾಳೆ ಗ್ರಾಚ್ಯುಟಿ ಕೇಳಿಯಾರು, ಭವಿಷ್ಯನಿಧಿಯ ಬಾಕಿ ಎದ್ದೀತು ಎಂಬ ಅಂಜಿಕೆಯಿಂದ ಹಳೆಯ ಮಾಲೀಕರು ಜಾರಿಕೊಳ್ಳುತ್ತಾರೆ. ಪತ್ರ ಕೊಡದಿದ್ದ ಮಾತ್ರಕ್ಕೆ ಆ ಹೊಣೆ ಇಲ್ಲವಾಗುವುದಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಂತೂ ನೇಮಕಾತಿ ಪತ್ರ ನೀಡುವುದನ್ನು ಉದ್ಯೋಗದಾತರ ಕರ್ತವ್ಯವನ್ನಾಗಿಸಿವೆ. ಆ ಪತ್ರದಲ್ಲಿ ಬರಿದೆ 'ಕುಕ್' ಎಂದು ಬರೆಯುವ ಬದಲು ವಿಭಾಗ ಮತ್ತು ದರ್ಜೆ ನಮೂದಿಸಲು ಮಾಲೀಕರಿಗೆ ತಗಲುವುದು ಎರಡು ಪದಗಳ ಶಾಯಿ ಮಾತ್ರ.

ಪತ್ರವಿಲ್ಲದವರಿಗೆ ಸದ್ಯಕ್ಕೆ ಉಳಿದಿರುವ ದಾರಿ ಬೇರೆ ದಾಖಲೆಗಳು: ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಬುಕ್, ಇಎಸ್‌ಐ ಕಾರ್ಡು, ಆಹಾರ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಮಾಡಿಸಬೇಕಾದ ವೈದ್ಯಕೀಯ ತಪಾಸಣೆಯ ಪತ್ರ. ಕೆಲವೆಡೆ ಪ್ರಯೋಗಕ್ಕೆಂದು ಅಡುಗೆ ಮಾಡಿಸಿಯೂ ನೋಡುತ್ತಾರೆ. ಬಿರಿಯಾನಿ ಮಾಸ್ಟರ್ ಕಾಯುವುದು ಆ ಅವಕಾಶಕ್ಕೇ.

ಬಯೋಡೇಟಾದ ಕಡೆಯ ಸಾಲಿನ ವಿಷಯ ಒಂದಿದೆ. ನೇಮಕಾತಿ ಕಚೇರಿಯಿಂದ ಕರೆ ಬರುವುದು ಸಾಮಾನ್ಯವಾಗಿ ಹಗಲು ಹನ್ನೆರಡರಿಂದ ಎರಡರೊಳಗೆ. ಅದು ಊಟದ ಹೊತ್ತು, ಮೊಬೈಲು ಲಾಕರಿನಲ್ಲಿರುತ್ತದೆ. ಊರಿಗೆ ಹೋದಾಗ ಸಿಮ್ ಬದಲಿಸಿದವರ ಸಂಖ್ಯೆಯಂತೂ ಹೊತ್ತೇ ಆಗದು. ದೂರವಾಣಿ ಸಂಖ್ಯೆಯ ಪಕ್ಕದಲ್ಲಿ ಮನೆಯವರೊಬ್ಬರ ಎರಡನೆಯ ಸಂಖ್ಯೆಯನ್ನೂ, 'ಮಧ್ಯಾಹ್ನ 3ರಿಂದ 6ರವರೆಗೆ ಮಾತನಾಡಬಹುದು' ಎಂಬ ಸಾಲನ್ನೂ ಸೇರಿಸಿದರೆ ಕರೆ ತಪ್ಪುವುದಿಲ್ಲ. ಬ್ರೇಕ್ ಶಿಫ್ಟಿನಲ್ಲಿ ದುಡಿಯುವವರಿಗೆ ಬಿಡುವಿರುವುದು ಆ ಮೂರು ಗಂಟೆ ಮಾತ್ರ.